ಭುಜದ ಒತ್ತುನೋವಿಗೆ ಭೌತಚಿಕಿತ್ಸೆ: ವಿಧಾನಗಳು ಮತ್ತು ಚಿಕಿತ್ಸೆ ಪಡೆಯುವ ಕ್ರಮ

(ಅಮರಗೋಳ ಹಾಗೂ ಸುತ್ತಲಿನ ಪ್ರದೇಶದ ನಾಗರಿಕರ ಮಾಹಿತಿಗಾಗಿ)

ಪೀಠಿಕೆ

ಹುಬ್ಬಳ್ಳಿ-ಧಾರವಾಡ ಅವಳಿ ನಗರದ ನಡುವೆ ಇರುವ ಅಮರಗೋಳದಲ್ಲಿ ಹುಬ್ಬಳ್ಳಿ ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಯ ಪ್ರಾಂಗಣವಿದೆ. ಒಣಮೆಣಸಿನಕಾಯಿ, ಹತ್ತಿ, ಶೇಂಗಾ, ಉಳ್ಳಾಗಡ್ಡಿ ಮುಂತಾದ ಉತ್ಪನ್ನಗಳನ್ನು ವಾಹನದಿಂದ ಇಳಿಸುವುದು, ತೂಕಕ್ಕೆ ಇಡುವುದು, ಮಳಿಗೆಯೊಳಗೆ ಒಟ್ಟುವುದು ಹಾಗೂ ಪುನಃ ಲಾರಿಗೆ ಏರಿಸುವುದು ಹಮಾಲರ ಕೆಲಸವಾಗಿರುತ್ತದೆ. ಈ ಕೆಲಸದಲ್ಲಿ ಕೈಯು ದಿನವಿಡೀ ಹೆಗಲ ಮಟ್ಟಕ್ಕಿಂತ ಮೇಲೆ ಹೋಗಿಬರುತ್ತದೆ, ಅದೂ ಭಾರದೊಂದಿಗೆ. ಇಂತಹ ದುಡಿಮೆಯಲ್ಲಿ ಕಾಣಿಸಿಕೊಳ್ಳುವ ಭುಜನೋವುಗಳ ಪೈಕಿ ಸಾಮಾನ್ಯವಾದುದು ವೈದ್ಯರು ಶೋಲ್ಡರ್ ಇಂಪಿಂಜ್‌ಮೆಂಟ್ ಎಂದು ಕರೆಯುವ ಒತ್ತುನೋವು. ಗೋಡೆಗೆ ಬಣ್ಣ ಬಳಿಯುವವರು, ಗೌಂಡಿಗಳು, ಎತ್ತರದ ಹಗ್ಗಕ್ಕೆ ಬಟ್ಟೆ ಒಣಹಾಕುವ ಗೃಹಿಣಿಯರು ಹಾಗೂ ನಡುವಯಸ್ಸು ದಾಟಿದ ಇತರರಲ್ಲಿಯೂ ಇದು ಕಂಡುಬರುತ್ತದೆ.

ದಿನಗೂಲಿಯ ಮೇಲೆ ಬದುಕುವವರು ಈ ನೋವಿಗೆ ಚಿಕಿತ್ಸೆ ಪಡೆಯಲು ಹಿಂಜರಿಯುವುದಕ್ಕೆ ಮುಖ್ಯ ಕಾರಣ, ಭೌತಚಿಕಿತ್ಸೆ ಎಂದರೆ ತಿಂಗಳುಗಟ್ಟಲೆ ದಿನವೂ ಆಸ್ಪತ್ರೆಗೆ ಹೋಗಬೇಕು, ಕೂಲಿ ಕಳೆದುಕೊಳ್ಳಬೇಕು ಎಂಬ ಭಾವನೆ. ಈ ಭಾವನೆ ಬಹುಮಟ್ಟಿಗೆ ಸರಿಯಲ್ಲ. ಫಿಸಿಯೋಥೆರಪಿ ಎಂದು ರೂಢಿಯಲ್ಲಿ ಕರೆಯಲಾಗುವ ಈ ಚಿಕಿತ್ಸೆಯ ಮುಖ್ಯ ಭಾಗವನ್ನು ಒಮ್ಮೆ ಸರಿಯಾಗಿ ಕಲಿತು ಮನೆಯಲ್ಲಿಯೇ ಮಾಡಬಹುದಾಗಿದೆ.

ನೋವು ಉಂಟಾಗುವ ಬಗೆ

ಭುಜದ ಮೇಲ್ತುದಿಯಲ್ಲಿ ಬೆರಳಿಟ್ಟು ಒತ್ತಿದರೆ ಗಟ್ಟಿಯಾದ ಮೂಳೆಯ ಅಂಚು ತಗಲುತ್ತದೆ. ಅದಕ್ಕೆ ಅಕ್ರೋಮಿಯಾನ್ ಎಂದು ಹೆಸರು. ಇದು ಭುಜಫಲಕದ, ಅಂದರೆ ಬೆನ್ನಿನ ಮೇಲ್ಭಾಗದಲ್ಲಿರುವ ಚಪ್ಪಟೆ ಮೂಳೆಯ ಒಂದು ಚಾಚು. ಈ ಮೂಳೆಗೂ ಕೆಳಗಿನ ತೋಳುಮೂಳೆಯ ಗುಂಡುತಲೆಗೂ ನಡುವೆ ಸುಮಾರು 1 ಸೆಂ.ಮೀ. ಅಂತರವಿರುತ್ತದೆ. ಇಷ್ಟು ಕಿರಿದಾದ ಜಾಗದಲ್ಲಿ ಕೈಯನ್ನು ಎತ್ತಲು ನೆರವಾಗುವ ಸುಪ್ರಾಸ್ಪೈನೇಟಸ್ ಸ್ನಾಯುವಿನ ರಜ್ಜು ಹಾದುಹೋಗುತ್ತದೆ. ಅದರ ಮೇಲೆ ಬರ್ಸಾ ಎಂಬ ತೆಳುವಾದ ದ್ರವಚೀಲವಿರುತ್ತದೆ. ಈ ಸ್ನಾಯು ಮತ್ತು ಇದರ ಜೊತೆಗಾರ ಮೂರು ಸ್ನಾಯುಗಳನ್ನು ಒಟ್ಟಾಗಿ ರೊಟೇಟರ್ ಕಫ್ ಎನ್ನಲಾಗುತ್ತದೆ. ಕೈ ಎತ್ತುವಾಗ ತೋಳಿನ ಗುಂಡುತಲೆಯು ಮೇಲಕ್ಕೆ ಜಾರದಂತೆ ಹಿಡಿದಿಡುವುದು ಇವುಗಳ ಕೆಲಸ.

ಅಮೆರಿಕದ ಶಸ್ತ್ರವೈದ್ಯ ಚಾರ್ಲ್ಸ್ ನೀರ್ ಅವರು 1972ರಲ್ಲಿ ಈ ತೊಂದರೆಯನ್ನು ವಿವರಿಸಿ, ಮೇಲಿನ ಮೂಳೆಯು ರಜ್ಜುವಿಗೆ ಉಜ್ಜುವುದೇ ಕಾರಣವೆಂದು ಪ್ರತಿಪಾದಿಸಿದರು. ಆ ಮೂಳೆಯ ಅಡಿಭಾಗವನ್ನು ಕೆತ್ತಿ ತೆಗೆಯುವ ಶಸ್ತ್ರಚಿಕಿತ್ಸೆಯು ಅನಂತರದ ದಶಕಗಳಲ್ಲಿ ವ್ಯಾಪಕವಾಯಿತು. ಈಗ ತಜ್ಞರ ಅಭಿಪ್ರಾಯ ಬದಲಾಗಿದೆ. ಉಜ್ಜುವಿಕೆಗಿಂತಲೂ, ತನ್ನ ಶಕ್ತಿಗೆ ಮೀರಿದ ಹೊರೆಯಿಂದ ರಜ್ಜುವು ದಣಿದು ದುರ್ಬಲವಾಗುವುದೇ ಹೆಚ್ಚಿನವರಲ್ಲಿ ಮುಖ್ಯ ಅಂಶವೆಂದು ಪರಿಗಣಿಸಲಾಗುತ್ತಿದೆ. ಹೆಸರಿನ ಬಗ್ಗೆ ವೈದ್ಯರಲ್ಲಿ ನಡೆದಿರುವ ಚರ್ಚೆಯಿಂದ ರೋಗಿಗೆ ಆಗಬೇಕಾದದ್ದೇನೂ ಇಲ್ಲವೆಂದು ತೋರಬಹುದು. ಆದರೆ ಆಗಬೇಕಾದದ್ದು ಇದೆ. ಮೂಳೆ ಉಜ್ಜುತ್ತಿದೆ ಎಂದು ನಂಬಿದವನು ಕೈಯನ್ನು ಅಲುಗಾಡಿಸಲು ಹೆದರುತ್ತಾನೆ. ರಜ್ಜು ದುರ್ಬಲವಾಗಿದೆ ಎಂದು ತಿಳಿದವನು ಅದನ್ನು ಬಲಪಡಿಸಲು ಮುಂದಾಗುತ್ತಾನೆ.

ಲಕ್ಷಣಗಳು

ಕೈಯನ್ನು ಪಕ್ಕದಿಂದ ಮೇಲಕ್ಕೆ ಎತ್ತುವಾಗ ಸುಮಾರು 60ರಿಂದ 120 ಡಿಗ್ರಿಯವರೆಗೆ ನೋವು ಕಾಣಿಸಿಕೊಂಡು, ಅದಕ್ಕಿಂತ ಮೇಲೆ ಹೋದಾಗ ಕಡಿಮೆಯಾಗುವುದು ಪ್ರಮುಖ ಲಕ್ಷಣ. ನೋವು ಭುಜದ ತುದಿಯಲ್ಲಿರದೆ ತೋಳಿನ ಹೊರಭಾಗದಲ್ಲಿ ಅನುಭವಕ್ಕೆ ಬರುವುದೇ ಹೆಚ್ಚು. ಅಂಗಿ ತೊಡುವಾಗ, ಬೆನ್ನ ಹಿಂದೆ ಕೈ ಒಯ್ಯುವಾಗ ಮತ್ತು ರಾತ್ರಿ ಅದೇ ಮಗ್ಗುಲಿಗೆ ಮಲಗಿದಾಗ ನೋವು ಹೆಚ್ಚಾಗುತ್ತದೆ. ಬಹಳಷ್ಟು ಜನರು ಆಸ್ಪತ್ರೆಗೆ ಬರುವುದು ಹಗಲಿನ ನೋವಿಗಿಂತ ನಿದ್ರೆ ಕೆಟ್ಟಾಗಲೇ.

ವೈದ್ಯರು ಕೈಯನ್ನು ವಿವಿಧ ಕೋನಗಳಲ್ಲಿ ಎತ್ತಿ ತಿರುಗಿಸಿ ಪರೀಕ್ಷಿಸುತ್ತಾರೆ. ಹೆಚ್ಚಿನ ಸಂದರ್ಭಗಳಲ್ಲಿ ಇಷ್ಟರಿಂದಲೇ ಚಿಕಿತ್ಸೆ ಆರಂಭಿಸಲು ಸಾಧ್ಯ. ಎಂಆರ್‌ಐ ಸ್ಕ್ಯಾನ್ ಇಲ್ಲದೆ ಚಿಕಿತ್ಸೆ ಆರಂಭವಾಗದು ಎಂಬ ತಿಳಿವಳಿಕೆ ತಪ್ಪು. ವಯಸ್ಸಾದವರಲ್ಲಿ ನೋವೇ ಇಲ್ಲದ ಭುಜದ ಸ್ಕ್ಯಾನ್‌ನಲ್ಲಿಯೂ ರಜ್ಜು ಹರಿದಿರುವುದು ಕಂಡುಬರುವುದುಂಟು. ಆದ್ದರಿಂದ ವರದಿಯಲ್ಲಿ ಬರೆದಿದ್ದೆಲ್ಲವೂ ನೋವಿನ ಕಾರಣವಾಗಿರಬೇಕಿಲ್ಲ.

ಒಂದು ವ್ಯತ್ಯಾಸವನ್ನು ಮಾತ್ರ ಗಮನಿಸತಕ್ಕದ್ದು. ಬೇರೆಯವರು ಹಿಡಿದು ಎತ್ತಿದರೂ ಕೈ ಮೇಲಕ್ಕೆ ಹೋಗದೆ ಎಲ್ಲ ದಿಕ್ಕಿನಲ್ಲಿಯೂ ಬಿಗಿಯಾಗಿದ್ದರೆ ಅದು ಫ್ರೋಜನ್ ಶೋಲ್ಡರ್ ಎನ್ನಲಾಗುವ ಬೇರೆಯೇ ತೊಂದರೆಯಾಗಿರುವ ಸಾಧ್ಯತೆ ಹೆಚ್ಚು. ಇದು ಮಧುಮೇಹಿಗಳಲ್ಲಿ ಅಧಿಕ. ಅದರ ಚಿಕಿತ್ಸೆಯ ಕ್ರಮವೂ ಬೇರೆ. ಕುತ್ತಿಗೆಯಿಂದ ಹೊರಟು ಮೊಣಕೈ ದಾಟಿ ಬೆರಳುಗಳವರೆಗೆ ಜೋಮು ಹಿಡಿಯುವ ನೋವು ಸಹ ಈ ವರ್ಗಕ್ಕೆ ಸೇರಿದ್ದಲ್ಲ.

ತಡಮಾಡದೆ ವೈದ್ಯರನ್ನು ಕಾಣಬೇಕಾದ ಸಂದರ್ಭಗಳು

ಬಿದ್ದ ಅಥವಾ ಭಾರ ಜಗ್ಗಿದ ನಂತರ ಕೈಯನ್ನು ಎತ್ತಲು ಸಾಧ್ಯವೇ ಆಗದಿದ್ದರೆ, ಭುಜದ ಆಕಾರ ಬದಲಾಗಿದ್ದರೆ, ಜ್ವರದೊಂದಿಗೆ ಭುಜ ಊದಿ ಕೆಂಪಾಗಿದ್ದರೆ, ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ ವ್ಯಾಯಾಮ ಆರಂಭಿಸದೆ ಮೊದಲು ವೈದ್ಯರಿಗೆ ತೋರಿಸಬೇಕು. ಎದೆ ಹಿಡಿದಂತಾಗಿ, ಬೆವರು ಬಂದು, ಉಸಿರು ಕಟ್ಟಿ ಭುಜಕ್ಕೆ ನೋವು ಹರಡಿದರೆ ಅದು ಹೃದಯಾಘಾತದ ಸೂಚನೆಯಾಗಿರಬಹುದು. ಕೂಡಲೇ 108 ಸಂಖ್ಯೆಗೆ ಕರೆಮಾಡಬೇಕು.

ಭೌತಚಿಕಿತ್ಸೆಯ ವಿಧಾನಗಳು

ಮೊದಲ ಹಂತದಲ್ಲಿ ನೋವನ್ನು ತಗ್ಗಿಸುವುದು ಉದ್ದೇಶ. ಕೈಗೆ ಪೂರ್ಣ ವಿಶ್ರಾಂತಿ ನೀಡುವುದಾಗಲಿ, ಜೋಳಿಗೆ ಕಟ್ಟಿಕೊಳ್ಳುವುದಾಗಲಿ ಬೇಡ. ಅದರಿಂದ ಭುಜ ಬಿಗಿಯುತ್ತದೆ. ಹೆಗಲಿಗಿಂತ ಮೇಲೆ ಭಾರ ಎತ್ತುವುದನ್ನು ಮಾತ್ರ ಕೆಲವು ವಾರ ನಿಲ್ಲಿಸಿ, ಮೊಣಕೈ ಪಕ್ಕೆಗೆ ಹತ್ತಿರವಿರುವ ಕೆಲಸಗಳನ್ನು ಮುಂದುವರಿಸಬೇಕು. ರೊಟ್ಟಿ ಬಡಿಯುವುದಕ್ಕೆ ಅಡ್ಡಿಯಿಲ್ಲ. ಅಟ್ಟದ ಮೇಲಿನ ಡಬ್ಬಿ ತೆಗೆಯುವುದಕ್ಕೆ ಬೇರೆಯವರ ನೆರವು ಪಡೆಯುವುದು ಒಳಿತು. ಮಲಗುವಾಗ ನೋವಿಲ್ಲದ ಮಗ್ಗುಲಿಗೆ ತಿರುಗಿ, ನೋವಿರುವ ತೋಳಿನ ಕೆಳಗೆ ದಿಂಬು ಇಟ್ಟುಕೊಳ್ಳಬೇಕು. ಅಂಗಾತ ಮಲಗುವವರು ಮಡಚಿದ ಟವೆಲ್ಲನ್ನು ಮೊಣಕೈ ಕೆಳಗೆ ಇಟ್ಟುಕೊಳ್ಳಬಹುದು. ಬಿಸಿ ಅಥವಾ ತಣ್ಣನೆಯ ಕಾವು, ಯಾವುದರಿಂದ ಹಿತವೆನಿಸುವುದೋ ಅದನ್ನು 10ರಿಂದ 15 ನಿಮಿಷ ಕೊಡಬಹುದಾಗಿದೆ.

ಇದೇ ಹಂತದಲ್ಲಿ ಲೋಲಕ ವ್ಯಾಯಾಮವನ್ನು ಆರಂಭಿಸಲಾಗುತ್ತದೆ. ಒಳ್ಳೆಯ ಕೈಯನ್ನು ಮೇಜಿನ ಮೇಲೆ ಊರಿ, ಮುಂದಕ್ಕೆ ಬಾಗಿ, ನೋವಿರುವ ಕೈಯನ್ನು ಸಡಿಲವಾಗಿ ಇಳಿಬಿಟ್ಟು ಗಡಿಯಾರದ ಲೋಲಕದಂತೆ ತೂಗಬೇಕು. ದಿನಕ್ಕೆ ಎರಡು ಮೂರು ಬಾರಿ, ಪ್ರತಿ ಬಾರಿ ಒಂದೆರಡು ನಿಮಿಷ ಸಾಕು. ಅನಂತರ ಮೇಜಿನ ಮೇಲೆ ಟವೆಲ್ ಹಾಸಿ, ಅದರ ಮೇಲೆ ಕೈಯಿಟ್ಟು ಮುಂದಕ್ಕೆ ಜಾರಿಸುವುದು, ಬಳಿಕ ಗೋಡೆಯ ಮೇಲೆ ಅದೇ ರೀತಿ ಕೈ ಜಾರಿಸುತ್ತ ಏರುವುದು. ನೋವು ಆರಂಭವಾಗುವ ಎತ್ತರವನ್ನು ಗೋಡೆಯ ಮೇಲೆ ಪೆನ್ಸಿಲ್‌ನಿಂದ ಗುರುತಿಟ್ಟರೆ ವಾರದಿಂದ ವಾರಕ್ಕೆ ಆಗುವ ಸುಧಾರಣೆ ರೋಗಿಗೇ ಕಾಣುತ್ತದೆ.

ಎರಡನೆಯ ಹಂತವೇ ಚಿಕಿತ್ಸೆಯ ತಿರುಳು. ಇಲ್ಲಿ ಸ್ನಾಯುಗಳನ್ನು ಕ್ರಮವಾಗಿ ಬಲಪಡಿಸಲಾಗುತ್ತದೆ. ಮೊಣಕೈಯನ್ನು 90 ಡಿಗ್ರಿ ಮಡಚಿ ಪಕ್ಕೆಗೆ ತಾಗಿಸಿಟ್ಟು, ಗೋಡೆಯ ಪಕ್ಕ ನಿಂತು, ಮುಂಗೈಯ ಹೊರಭಾಗದಿಂದ ಗೋಡೆಯನ್ನು ಒತ್ತಿ 10 ಸೆಕೆಂಡು ಹಿಡಿಯಬೇಕು. ಹೀಗೆ 10 ಬಾರಿ. ಕೈ ಚಲಿಸುವುದಿಲ್ಲವಾದ್ದರಿಂದ ನೋವಿರುವವರಿಗೂ ಇದು ಸಾಧ್ಯವಾಗುತ್ತದೆ. ಇದು ಸಲೀಸಾದ ಮೇಲೆ ರಬ್ಬರ್ ಪಟ್ಟಿಯನ್ನು ಕಿಟಕಿಯ ಸರಳಿಗೆ ಕಟ್ಟಿ, ಮೊಣಕೈ ಮತ್ತು ಪಕ್ಕೆಯ ನಡುವೆ ಸುತ್ತಿದ ಟವೆಲ್ ಇಟ್ಟುಕೊಂಡು, ಮುಂಗೈಯನ್ನು ನಿಧಾನವಾಗಿ ಹೊರಕ್ಕೆ ತಿರುಗಿಸಿ ಅಷ್ಟೇ ನಿಧಾನವಾಗಿ ಒಳಕ್ಕೆ ತರಬೇಕು. 10ರಿಂದ 15 ಬಾರಿಯಂತೆ ಮೂರು ಸುತ್ತು, ವಾರಕ್ಕೆ ಮೂರು ದಿನ. ಅಂಗಡಿಯ ಪಟ್ಟಿಯೇ ಬೇಕೆಂದಿಲ್ಲ. ಹಳೆಯ ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿದರೆ ಅದೇ ಕೆಲಸ ನಡೆಯುತ್ತದೆ.

ಭುಜಫಲಕವನ್ನು ಹಿಡಿದಿಡುವ ಬೆನ್ನಿನ ಸ್ನಾಯುಗಳಿಗೂ ವ್ಯಾಯಾಮ ಅಗತ್ಯ. ಎರಡೂ ಭುಜಫಲಕಗಳನ್ನು ಹಿಂದಕ್ಕೆ ಮತ್ತು ಸ್ವಲ್ಪ ಕೆಳಕ್ಕೆ ಎಳೆದು 5 ಸೆಕೆಂಡು ಹಿಡಿಯುವುದು, ಅದೇ ಪಟ್ಟಿಯನ್ನು ಎರಡೂ ಕೈಗಳಿಂದ ಹೊಟ್ಟೆಯ ಕಡೆಗೆ ಎಳೆಯುವುದು, ಗೋಡೆಗೆ ಅಂಗೈ ಊರಿ ದಂಡ ಹೊಡೆದು ಕೊನೆಯಲ್ಲಿ ಬೆನ್ನಿನ ಮೇಲ್ಭಾಗವನ್ನು ಇನ್ನಷ್ಟು ಹಿಂದಕ್ಕೆ ನೂಕುವುದು, ಇವು ರೂಢಿಯಲ್ಲಿವೆ. ಭುಜದ ಹಿಂಭಾಗ ಬಿಗಿಯಾಗಿರುವವರು ನೋವಿರುವ ಕೈಯನ್ನು ಎದೆಯ ಅಡ್ಡಕ್ಕೆ ತಂದು ಇನ್ನೊಂದು ಕೈಯಿಂದ 30 ಸೆಕೆಂಡು ಎಳೆದುಹಿಡಿಯಬೇಕು, ಮೂರು ಬಾರಿ.

ಎಷ್ಟು ನೋವನ್ನು ಸಹಿಸಬಹುದು ಎಂಬ ಪ್ರಶ್ನೆ ಸಹಜ. ನೋವಿಗೆ 10ರಲ್ಲಿ ಅಂಕ ಕೊಡುವುದಾದರೆ, ವ್ಯಾಯಾಮದ ಸಮಯದಲ್ಲಿ 4ರವರೆಗಿನ ನೋವಿಗೆ ಹೆದರಬೇಕಾಗಿಲ್ಲ. ಅದು ಮಾರನೆಯ ದಿನ ಬೆಳಿಗ್ಗೆಯೊಳಗೆ ಮೊದಲಿನ ಮಟ್ಟಕ್ಕೆ ಇಳಿದಿರಬೇಕು. ಇಳಿಯದಿದ್ದರೆ ಸುತ್ತುಗಳನ್ನು ಕಡಿಮೆ ಮಾಡಬೇಕೇ ಹೊರತು ವ್ಯಾಯಾಮವನ್ನೇ ಬಿಡಬಾರದು.

ಕನಿಷ್ಠ ಅವಧಿ 12 ವಾರ. ರಜ್ಜುವಿಗೆ ರಕ್ತಸಂಚಾರ ಕಡಿಮೆ. ಆದ್ದರಿಂದ ಅದು ಸ್ನಾಯುವಿಗಿಂತ ನಿಧಾನವಾಗಿ ಬಲಗೊಳ್ಳುತ್ತದೆ. ಸಾಮಾನ್ಯವಾಗಿ ಆಗುವ ತಪ್ಪು ಇದೇ: ಮೂರು ನಾಲ್ಕು ವಾರಗಳಲ್ಲಿ ರಾತ್ರಿಯ ನೋವು ಕಡಿಮೆಯಾಗುತ್ತದೆ, ಗುಣವಾಯಿತೆಂದು ವ್ಯಾಯಾಮ ನಿಲ್ಲುತ್ತದೆ, ಸುಗ್ಗಿಯ ಆವಕ ಹೆಚ್ಚಿದಾಗ ಮೊದಲಿನ ಭಾರವೇ ಹೆಗಲೇರುತ್ತದೆ, ನೋವು ಮರಳುತ್ತದೆ. ಅನಂತರ ಚಿಕಿತ್ಸೆಯೇ ಸರಿಯಿಲ್ಲವೆಂಬ ಮಾತು ಬರುತ್ತದೆ.

ಇತರ ವಿಧಾನಗಳು

ಭೌತಚಿಕಿತ್ಸಕರು ಕೈಯಿಂದ ಕೀಲನ್ನು ಮೃದುವಾಗಿ ಚಲಿಸುವ ವಿಧಾನವು ಆರಂಭದ ವಾರಗಳಲ್ಲಿ ನೋವು ತಗ್ಗಿಸಲು ನೆರವಾಗುತ್ತದೆ. ಆದರೆ ಅದು ವ್ಯಾಯಾಮದ ಜೊತೆಗಿರಬೇಕು. ಅಲ್ಟ್ರಾಸೌಂಡ್, ವಿದ್ಯುತ್ ಕಂಪನ ಮುಂತಾದ ಯಂತ್ರಗಳಿಂದ ಈ ತೊಂದರೆಗೆ ವಿಶೇಷ ಲಾಭವಿದೆ ಎಂಬುದಕ್ಕೆ ಬಲವಾದ ಪುರಾವೆ ದೊರೆತಿಲ್ಲ. ಯಂತ್ರವಿಲ್ಲದ ಕಾರಣಕ್ಕೆ ಚಿಕಿತ್ಸೆ ಕೀಳೆಂದು ಭಾವಿಸಬೇಕಾಗಿಲ್ಲ. ಬಲವಂತವಾಗಿ ಕೈ ಜಗ್ಗಿ ಎಲುಬು ಕೂಡಿಸುತ್ತೇವೆ ಎನ್ನುವವರಿಂದ ದೂರವಿರುವುದು ಕ್ಷೇಮ. ಇಲ್ಲಿ ತಪ್ಪಿದ ಎಲುಬು ಯಾವುದೂ ಇರುವುದಿಲ್ಲ.

ಸ್ಟೀರಾಯ್ಡ್ ಚುಚ್ಚುಮದ್ದು ಕೆಲವು ವಾರ ನೋವು ತಗ್ಗಿಸುತ್ತದೆ, ವರ್ಷದ ಮಟ್ಟಿಗೆ ನೋಡಿದರೆ ಅದರ ಲಾಭ ಉಳಿಯುವುದಿಲ್ಲ. ನೋವಿನಿಂದ ವ್ಯಾಯಾಮವೇ ಸಾಧ್ಯವಾಗದವರಿಗೆ ವೈದ್ಯರು ಇದನ್ನು ಸೂಚಿಸಬಹುದು. ಮಧುಮೇಹಿಗಳಲ್ಲಿ ಚುಚ್ಚುಮದ್ದಿನ ನಂತರ ಕೆಲವು ದಿನ ರಕ್ತದ ಸಕ್ಕರೆ ಏರುವುದರಿಂದ, ಮಧುಮೇಹವಿರುವುದನ್ನು ಮೊದಲೇ ತಿಳಿಸತಕ್ಕದ್ದು.

ಮೂಳೆ ಕೆತ್ತುವ ಶಸ್ತ್ರಚಿಕಿತ್ಸೆಯ ಬಗ್ಗೆ ಬ್ರಿಟನ್ನಿನ 32 ಆಸ್ಪತ್ರೆಗಳಲ್ಲಿ 313 ರೋಗಿಗಳ ಮೇಲೆ ನಡೆದ ಅಧ್ಯಯನವು 2018ರ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಮೂಳೆ ಕೆತ್ತಿಸಿಕೊಂಡವರಿಗೂ, ಏನನ್ನೂ ಕೆತ್ತದೆ ಕೇವಲ ದೂರದರ್ಶಕ ನಳಿಕೆ ಹಾಕಿ ನೋಡಿಸಿಕೊಂಡವರಿಗೂ ಫಲಿತಾಂಶದಲ್ಲಿ ಗಣನೀಯ ವ್ಯತ್ಯಾಸ ಕಂಡುಬರಲಿಲ್ಲ. ಅದೇ ವರ್ಷ ಫಿನ್ಲೆಂಡಿನ ಅಧ್ಯಯನವೂ ಇಂತಹುದೇ ಫಲಿತಾಂಶ ನೀಡಿತು. 2019ರಲ್ಲಿ ಅಂತರರಾಷ್ಟ್ರೀಯ ತಜ್ಞರ ಸಮಿತಿಯೊಂದು ಈ ನೋವಿಗೆ ಆ ಶಸ್ತ್ರಚಿಕಿತ್ಸೆ ಬೇಡವೆಂದು ಶಿಫಾರಸು ಮಾಡಿತು. ಪೆಟ್ಟಿನಿಂದ ರಜ್ಜು ಪೂರ್ಣ ಹರಿದ ಪ್ರಕರಣಗಳಿಗೆ ಇದು ಅನ್ವಯಿಸುವುದಿಲ್ಲ. ಸಾಲ ಮಾಡಿ ಶಸ್ತ್ರಚಿಕಿತ್ಸೆಗೆ ಒಪ್ಪುವ ಮುನ್ನ, ಇದು ಹರಿದ ರಜ್ಜುವನ್ನು ಹೊಲಿಯುವುದಕ್ಕೋ ಅಥವಾ ಮೂಳೆ ಕೆತ್ತುವುದಕ್ಕೋ ಎಂದು ಸ್ಪಷ್ಟವಾಗಿ ಕೇಳುವುದು ರೋಗಿಯ ಹಕ್ಕು.

ಎಷ್ಟು ಬಾರಿ ಆಸ್ಪತ್ರೆಗೆ ಬರಬೇಕು

ಇಂಗ್ಲೆಂಡಿನಲ್ಲಿ 708 ರೋಗಿಗಳನ್ನು ಒಳಗೊಂಡ ಅಧ್ಯಯನವೊಂದು 2021ರಲ್ಲಿ ಪ್ರಕಟವಾಗಿದೆ. ಒಂದು ಗುಂಪಿನವರಿಗೆ ಭೌತಚಿಕಿತ್ಸಕರ ಬಳಿ ಆರು ಭೇಟಿಗಳವರೆಗೆ ಅವಕಾಶವಿತ್ತು. ಇನ್ನೊಂದು ಗುಂಪಿನವರಿಗೆ ಒಂದೇ ಭೇಟಿಯಲ್ಲಿ ವಿವರವಾದ ಸಲಹೆ, ಮನೆಯಲ್ಲಿ ಮಾಡಬೇಕಾದ ವ್ಯಾಯಾಮ ಮತ್ತು ಕೈಪಿಡಿ ನೀಡಲಾಯಿತು. ಒಂದು ವರ್ಷದ ಅವಧಿಯಲ್ಲಿ ಎರಡೂ ಗುಂಪುಗಳ ಸುಧಾರಣೆ ಒಂದೇ ಮಟ್ಟದಲ್ಲಿತ್ತು.

ದಿನಗೂಲಿಯವರಿಗೆ ಇದು ಮಹತ್ವದ ವಿಷಯ. ದಿನವೂ ಬರಲಾಗದು ಎಂಬ ಕಾರಣಕ್ಕೆ ಚಿಕಿತ್ಸೆಯನ್ನೇ ಕೈಬಿಡಬಾರದು. ಮೊದಲ ಭೇಟಿಯಲ್ಲಿಯೇ, ತಾವು ದಿನಗೂಲಿಯವರು, ಮನೆಯಲ್ಲಿ ಮಾಡಬಹುದಾದ ವ್ಯಾಯಾಮವನ್ನು ಕಲಿಸಿಕೊಡಬೇಕು ಎಂದು ಭೌತಚಿಕಿತ್ಸಕರಿಗೆ ತಿಳಿಸಬೇಕು. ಕಲಿತದ್ದನ್ನು ಅವರೆದುರಿಗೆ ಒಮ್ಮೆ ಮಾಡಿ ತೋರಿಸಬೇಕು. ಓದುಬರಹ ಬಾರದವರು ಮನೆಯವರೊಬ್ಬರನ್ನು ಜೊತೆಗೆ ಕರೆತಂದು, ಚಿಕಿತ್ಸಕರ ಅನುಮತಿ ಪಡೆದು ಮೊಬೈಲ್‌ನಲ್ಲಿ ಚಿತ್ರೀಕರಿಸಿಕೊಳ್ಳಬಹುದು. ಆದರೆ ಆ ಅಧ್ಯಯನವು ಹೊರೆ ಹೊರುವವರನ್ನೇ ಕುರಿತದ್ದಲ್ಲ ಎಂಬುದನ್ನು ನೆನಪಿಡಬೇಕು. ಹಮಾಲರು 6ನೇ ವಾರದ ಸುಮಾರಿಗೆ ಒಮ್ಮೆ ಹಾಗೂ ಪೂರ್ಣ ಭಾರಕ್ಕೆ ಮರಳುವ ಮುನ್ನ ಇನ್ನೊಮ್ಮೆ ತೋರಿಸಿಕೊಳ್ಳುವುದು ಸೂಕ್ತ.

ಚಿಕಿತ್ಸೆ ಪಡೆಯುವ ಕ್ರಮ

ಮೊದಲು ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತೋರಿಸಬಹುದು. ನೇರವಾಗಿ ಹೋಗುವವರಿಗೆ ಹುಬ್ಬಳ್ಳಿಯ ವಿದ್ಯಾನಗರದಲ್ಲಿ, ಜನರು ಇಂದಿಗೂ ಕಿಮ್ಸ್ ಎಂದೇ ಕರೆಯುವ ಕೆಎಂಸಿಆರ್‌ಐ ಆಸ್ಪತ್ರೆ ಇದೆ. 1957ರಲ್ಲಿ ಕರ್ನಾಟಕ ವೈದ್ಯಕೀಯ ಕಾಲೇಜಾಗಿ ಆರಂಭವಾದ ಸಂಸ್ಥೆಯಿದು. ಧಾರವಾಡದ ಕಡೆಯವರಿಗೆ ಜಿಲ್ಲಾ ಆಸ್ಪತ್ರೆ ಹತ್ತಿರ. ಎಲುಬು-ಕೀಲು ವಿಭಾಗದಲ್ಲಿ ಹೊರರೋಗಿ ಚೀಟಿ ಮಾಡಿಸಿ ವೈದ್ಯರಿಗೆ ತೋರಿಸಿದ ನಂತರ, ಅವರು ಚೀಟಿಯಲ್ಲಿ ಬರೆದುಕೊಟ್ಟ ಮೇರೆಗೆ ಭೌತಚಿಕಿತ್ಸಾ ವಿಭಾಗಕ್ಕೆ ಹೋಗಬೇಕಾಗುತ್ತದೆ. ಆಧಾರ್ ಕಾರ್ಡ್, ಪಡಿತರ ಚೀಟಿ, ಹಿಂದಿನ ಚಿಕಿತ್ಸೆಯ ಕಾಗದಗಳು ಹಾಗೂ ಸೇವಿಸುತ್ತಿರುವ ಮಾತ್ರೆಗಳನ್ನು ಜೊತೆಗೆ ತರಬೇಕು. ಬಸ್ಸಿನಲ್ಲಿ ನಿಂತು ಬರುವವರು ಮೇಲಿನ ಹಿಡಿಕೆಯನ್ನು ನೋವಿಲ್ಲದ ಕೈಯಿಂದ ಹಿಡಿಯುವುದು ಲೇಸು.

ಸರ್ಕಾರಿ ಯೋಜನೆಗಳ ಬಗ್ಗೆ ಎರಡು ಮಾತು. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯ ಸೌಲಭ್ಯವು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾಗಿ ಪಡೆಯುವ ಚಿಕಿತ್ಸೆಗೆ ಸಂಬಂಧಿಸಿದ್ದು. ಖಾಸಗಿ ಕೇಂದ್ರದಲ್ಲಿ ಹೊರರೋಗಿಯಾಗಿ ಪಡೆದ ಭೌತಚಿಕಿತ್ಸೆಯ ಖರ್ಚು ಇದರಿಂದ ಸಿಗುವುದೆಂದು ಭಾವಿಸಿ ಹಣ ಕಟ್ಟಬಾರದು. ಕಾರ್ಮಿಕ ಇಲಾಖೆಯ ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ ಯೋಜನೆಯಡಿ ನೋಂದಾಯಿಸಿಕೊಳ್ಳಬಹುದಾದ ವರ್ಗಗಳಲ್ಲಿ ಹಮಾಲರೂ ಸೇರಿದ್ದಾರೆ. ಇದರಲ್ಲಿನ ವೈದ್ಯಕೀಯ ನೆರವು ಅಪಘಾತಕ್ಕೆ ಸಂಬಂಧಿಸಿದ್ದು. ವರ್ಷಗಳ ದುಡಿಮೆಯಿಂದ ನಿಧಾನವಾಗಿ ಬಂದ ನೋವು ಅಪಘಾತವೆನಿಸುವುದಿಲ್ಲ. ಆದರೆ ಚೀಲ ಜಾರಿ ಬಿದ್ದು ಅಥವಾ ಲಾರಿಯಿಂದ ಬಿದ್ದು ಭುಜಕ್ಕೆ ಪೆಟ್ಟಾಗಿದ್ದರೆ, ಅದೇ ದಿನ ಆಸ್ಪತ್ರೆಗೆ ತೋರಿಸಿ, ಪೆಟ್ಟಾದ ಬಗೆ ಮತ್ತು ದಿನಾಂಕವನ್ನು ಚೀಟಿಯಲ್ಲಿ ಬರೆಸಿಕೊಳ್ಳತಕ್ಕದ್ದು. ತಿಂಗಳ ನಂತರ ಬಂದು ದಾಖಲೆ ಕೇಳಿದರೆ ಯಾವ ಕಚೇರಿಯೂ ನೆರವಾಗುವುದು ಕಷ್ಟ. ಮಾರುಕಟ್ಟೆಯ ಪರವಾನಗಿ ಹೊಂದಿದ ಹಮಾಲರು ತಮಗೆ ದೊರೆಯಬಹುದಾದ ಸೌಲಭ್ಯಗಳನ್ನು ಸಮಿತಿಯ ಕಚೇರಿಯಲ್ಲಿಯೂ ವಿಚಾರಿಸಬೇಕು.

ಭೌತಚಿಕಿತ್ಸಾ ವೃತ್ತಿಯು 2021ರ ರಾಷ್ಟ್ರೀಯ ಸಹವೈದ್ಯಕೀಯ ಮತ್ತು ಆರೋಗ್ಯ ವೃತ್ತಿಗಳ ಆಯೋಗ ಅಧಿನಿಯಮದ ವ್ಯಾಪ್ತಿಗೆ ಬರುತ್ತದೆ. ಖಾಸಗಿಯಾಗಿ ಚಿಕಿತ್ಸೆ ಪಡೆಯುವವರು ಚಿಕಿತ್ಸಕರ ವಿದ್ಯಾರ್ಹತೆಯನ್ನು ಕೇಳಿ ತಿಳಿದುಕೊಳ್ಳುವುದರಲ್ಲಿ ಸಂಕೋಚ ಬೇಡ.

ಕೆಲಸಕ್ಕೆ ಮರಳುವುದು

ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 1967ರ ತನ್ನ ಶಿಫಾರಸಿನಲ್ಲಿ, ವಯಸ್ಕ ಪುರುಷನೊಬ್ಬ ಹೊರುವ ಭಾರವು 55 ಕೆ.ಜಿ.ಗಿಂತ ಹೆಚ್ಚಿದ್ದಲ್ಲಿ ಅದನ್ನು ತಗ್ಗಿಸಲು ಕ್ರಮ ಕೈಗೊಳ್ಳಬೇಕೆಂದು ಹೇಳಿದೆ. ಇದು ಆರೋಗ್ಯವಂತನ ಮಾತು. ನೋವಿನಿಂದ ಚೇತರಿಸಿಕೊಳ್ಳುತ್ತಿರುವವರಿಗೆ 50 ಕೆ.ಜಿ. ಚೀಲವೂ ಆರಂಭದಲ್ಲಿ ಹೆಚ್ಚು. ಮೊದಲು ತೂಕ ಮಾಡುವುದು, ಚೀಲ ಹೊಲಿಯುವುದು, ಕಸ ಹೊಡೆದು ಕಾಳು ಒಟ್ಟುಗೂಡಿಸುವುದು ಮುಂತಾದ ಸೊಂಟದ ಮಟ್ಟದ ಕೆಲಸ ಮಾಡಬೇಕು. ಅನಂತರ ಇಬ್ಬರು ಸೇರಿ ಚೀಲ ಎತ್ತುವುದು, ಕೈಗಾಡಿಯಿಂದ ಸಾಗಿಸುವುದು. ಚೀಲವನ್ನು ಹೆಗಲಿಗೆ ಏರಿಸುವಾಗ ಮತ್ತೊಬ್ಬರು ಹಿಂದಿನಿಂದ ಆನಿಸಿಕೊಡುವ ಪದ್ಧತಿಯನ್ನು ಬಿಡಬಾರದು. ಒಂದೇ ಹೆಗಲನ್ನು ಬಳಸುವ ರೂಢಿಯಿದ್ದರೆ ಬದಲಿಸುತ್ತಿರಬೇಕು.

ಭುಜಕ್ಕೆ ಅತಿ ಹೆಚ್ಚು ಹೊರೆ ಬೀಳುವುದು ನಡೆಯುವಾಗಲ್ಲ, ತಲೆಗಿಂತ ಎತ್ತರಕ್ಕೆ ಒಟ್ಟಿದ ಚೀಲಗಳ ಮೇಲೆ ಮತ್ತೊಂದನ್ನು ಎಸೆಯುವಾಗ. ಈ ಒಂದು ಕೆಲಸವನ್ನು ಕೊನೆಯವರೆಗೂ, ಅಂದರೆ 12 ವಾರಗಳ ವ್ಯಾಯಾಮ ಮುಗಿದು ಕೈ ನೋವಿಲ್ಲದೆ ಪೂರ್ಣ ಮೇಲೆ ಹೋಗುವವರೆಗೂ, ಜೊತೆಗಾರರಿಗೆ ಬಿಡಬೇಕು. ತಂಡವಾಗಿ ದುಡಿದು ಕೂಲಿ ಹಂಚಿಕೊಳ್ಳುವವರಲ್ಲಿ ಇದು ಮೇಸ್ತ್ರಿಯ ಒಪ್ಪಿಗೆಯಿಂದ ಮಾತ್ರ ಸಾಧ್ಯ. ಆದ್ದರಿಂದ ವೈದ್ಯರ ಚೀಟಿಯಲ್ಲಿ "ಹೆಗಲಿಗಿಂತ ಮೇಲೆ ಭಾರ ಎತ್ತಬಾರದು" ಎಂದು ಅವಧಿ ಸಹಿತ ಕನ್ನಡದಲ್ಲಿ ಬರೆಸಿಕೊಂಡು ಮೇಸ್ತ್ರಿಗೆ ತೋರಿಸಬಹುದಾಗಿದೆ. 12 ವಾರಗಳ ನಿಯಮಿತ ವ್ಯಾಯಾಮದ ನಂತರವೂ ರಾತ್ರಿ ನೋವು ಉಳಿದಿದ್ದರೆ ಅಥವಾ ಕೈಯಲ್ಲಿ ಬಲ ಕಡಿಮೆಯಾಗುತ್ತಿದ್ದರೆ, ಅದೇ ಹೊರರೋಗಿ ಚೀಟಿಯೊಂದಿಗೆ ಎಲುಬು-ಕೀಲು ವಿಭಾಗದಲ್ಲಿ ಮರುಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದು.